ಚೀಟಿ ಮಾಡಿಸಿದ ಮೇಲೆ: ಹೊರರೋಗಿಗಳ ಸಣ್ಣ ಪರೀಕ್ಷೆಗಳು

ಹೊಸಪೇಟೆಯ ದಕ್ಷಿಣಕ್ಕೆ, ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ಊರು ಮರಿಯಮ್ಮನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ಜ್ವರ, ಕೆಮ್ಮು, ಗಾಯಕ್ಕೆ ಜನ ಊರಲ್ಲೇ ತೋರಿಸುತ್ತಾರೆ. ಸ್ಕ್ಯಾನಿಂಗ್ ಬೇಕಾದರೆ ಹೊಸಪೇಟೆ, ಅದಕ್ಕೂ ಮೀರಿದರೆ ಜನ ‘ವಿಮ್ಸ್’ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. ಹೀಗೆ ಬೆಳಗ್ಗೆ ಹೋಗಿ, ಚೀಟಿ ಮಾಡಿಸಿ, ದಾಖಲಾಗದೆ ಮನೆಗೆ ಮರಳುವವರೇ ಹೊರರೋಗಿಗಳು. ಅವರಿಗೆ ಮಾಡುವ ಪರೀಕ್ಷೆಗಳು ಚಿಕ್ಕವು. ಆದರೆ ಫಲಿತಾಂಶ ಸರಿಯಾಗಿ ಬರಬೇಕಾದರೆ ಲ್ಯಾಬಿನವರಷ್ಟೇ ಎಚ್ಚರವನ್ನು ರೋಗಿಯೂ ವಹಿಸಬೇಕು. ಇದನ್ನು ಕೌಂಟರಿನಲ್ಲಿ ಬಿಡಿಸಿ ಹೇಳುವವರು ಕಡಿಮೆ.

ರಕ್ತ ಮತ್ತು ಸಕ್ಕರೆ

ಮೊಣಕೈಯ ಒಳಮಡಿಕೆಯ ರಕ್ತನಾಳದಿಂದ ತೆಗೆದ ರಕ್ತವನ್ನು ಬೇರೆ ಬೇರೆ ಬಣ್ಣದ ಮುಚ್ಚಳದ ಕೊಳವೆಗಳಿಗೆ ಹಾಕುತ್ತಾರೆ. ನೇರಳೆ ಮುಚ್ಚಳದ್ದು ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆಗೆ. ಬೂದು ಮುಚ್ಚಳದ್ದು ಸಕ್ಕರೆಗೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಹಾಗೇ ಬಿಟ್ಟರೆ ರಕ್ತಕಣಗಳು ಕೊಳವೆಯೊಳಗೂ ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಇರುತ್ತವೆ, ಅಂಕಿ ಇಳಿಯುತ್ತದೆ. ಅದನ್ನು ತಡೆಯುವುದು ಫ್ಲೋರೈಡಿನ ಕೆಲಸ. ಸೂಜಿ ತೆಗೆದ ಮೇಲೆ ಕೈ ಮಡಚಬೇಡಿ, ಉಜ್ಜಬೇಡಿ. ಕೈ ನೇರವಿಟ್ಟು ಎರಡು ಮೂರು ನಿಮಿಷ ಹತ್ತಿಯಿಂದ ಒತ್ತಿ ಹಿಡಿದರೆ ನೀಲಿಗಟ್ಟುವುದಿಲ್ಲ.

ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು, ಚಹಾ ಬೇಡ. 126 ಮಿಲಿಗ್ರಾಂ ಅಥವಾ ಹೆಚ್ಚು ಬಂದು, ಇನ್ನೊಮ್ಮೆ ಮಾಡಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ. ಊಟದ ನಂತರದ ಪರೀಕ್ಷೆಯ 2 ಗಂಟೆಯನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಕೈ ತೊಳೆದಾಗಿನಿಂದಲ್ಲ. ಪರೀಕ್ಷೆಗೆಂದೇ ಎರಡು ದಿನ ಅನ್ನ, ಸಿಹಿ ಬಿಟ್ಟು ಬರುವವರು ಬಹಳ. ಅದರಿಂದ ಅಂದಿನ ಅಂಕಿ ಇಳಿಯಬಹುದು, ಕಾಯಿಲೆ ಇಳಿಯುವುದಿಲ್ಲ. ವೈದ್ಯರು ಕೊಡುವ ಮಾತ್ರೆಯ ಪ್ರಮಾಣವೂ ತಪ್ಪುತ್ತದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಈ ಉಪಾಯಕ್ಕೆ ಬಗ್ಗುವುದಿಲ್ಲ, ಅದಕ್ಕೆ ಉಪವಾಸವೂ ಬೇಡ.

ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆಯೇ ಬೇರೆ. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕುಡಿಸಿ, 2 ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಮೇಲೆ ಬಂದರೆ ಗರ್ಭಿಣಿ ಮಧುಮೇಹ. ಇದಕ್ಕೆ ಹೊಟ್ಟೆ ಖಾಲಿ ಇರಬೇಕೆಂದಿಲ್ಲ. ದೂರದ ತಾಂಡಾಗಳಿಂದ ಬರುವ ಹೆಣ್ಣುಮಕ್ಕಳನ್ನು ಸುಮ್ಮನೆ ಉಪವಾಸ ಕೆಡವಬಾರದು.

ಬಿ.ಪಿ. ಮತ್ತು ಇಸಿಜಿ

ಬಸ್ಸಿಳಿದು ದಾಪುಗಾಲಿಟ್ಟು ಬಂದ ಕೂಡಲೇ ಬಿ.ಪಿ. ನೋಡಿದರೆ ಹೆಚ್ಚೇ ಬರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಮಾತಿಲ್ಲದೆ ಕೂತು, ತೋಳು ಎದೆಯ ಮಟ್ಟಕ್ಕಿರುವಂತೆ ನೋಡಿಸಬೇಕು. ಅದಕ್ಕೆ ಮೊದಲ ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಬೇಡ.

ಇಸಿಜಿಯಲ್ಲಿ ಕರೆಂಟ್ ಮೈಗೆ ಹೋಗುವುದಿಲ್ಲ; ಹೃದಯ ತಾನೇ ಹುಟ್ಟಿಸುವ ವಿದ್ಯುತ್ತನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೇ. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಗಳ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳಲ್ಲಿ ನೋಡುತ್ತಾರೆ. ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಎದೆ ಬಿಗಿದು ಬೆವರು ಕಿತ್ತಾಗ ಗ್ಯಾಸ್ ಎಂದು ಸೋಡಾ ಕುಡಿದು ಕೂರುವುದಕ್ಕಿಂತ ಒಂದು ಇಸಿಜಿ ಮಾಡಿಸುವುದು ಲೇಸು.

ಜ್ವರದ ಪರೀಕ್ಷೆಗಳು

ಡೆಂಗಿಯ ಎನ್‌ಎಸ್1 ಜ್ವರದ ಮೊದಲ ಐದು ದಿನದೊಳಗೆ, ಐಜಿಎಂ ಅದರ ನಂತರ. ಆದ್ದರಿಂದ ಜ್ವರ ಶುರುವಾದ ದಿನವನ್ನು ನೆನಪಿಟ್ಟು ಹೇಳಬೇಕು. ಟೈಫಾಯ್ಡ್ ಎಂದರೆ ನಮ್ಮಲ್ಲಿ ವಿಡಾಲ್. ಹಳೆಯ ಸೋಂಕು, ಬೇರೆ ಜ್ವರಗಳಲ್ಲೂ ಅದು ಪಾಸಿಟಿವ್ ತೋರಿಸಬಹುದು. ಅದೊಂದನ್ನೇ ನಂಬಿ ವಾರಗಟ್ಟಲೆ ಆ್ಯಂಟಿಬಯಾಟಿಕ್ ನುಂಗುವ ರೂಢಿ ಬಿಡಬೇಕು. ಅದಕ್ಕಿಂತ ನಂಬಬಹುದಾದದ್ದು ಬ್ಲಡ್ ಕಲ್ಚರ್, ಅದೂ ಮಾತ್ರೆ ಶುರುವಾಗುವ ಮೊದಲು.

ಎಕ್ಸ್‌ರೇ ಮತ್ತು ಕಫ

ಸಂಡೂರಿನ ಗಣಿ, ಅದಿರಿನ ಲಾರಿಗಳ ಕೆಂಧೂಳು ಕುಡಿದು ದುಡಿಯುವವರು ಎರಡು ವಾರ ಮೀರಿದ ಕೆಮ್ಮನ್ನು ಧೂಳಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಡಬ್ಬಿಗೆ ಬೇಕಾದ್ದು ಎಂಜಲಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಎದ್ದ ಕೂಡಲೇ, ಬಯಲಿನಲ್ಲಿ ನಿಂತು ತೆಗೆದದ್ದು ಉತ್ತಮ.

ಎದೆಯ ಎಕ್ಸ್‌ರೇಯಲ್ಲಿ ಲೋಹದ ನೆರಳು ಬೀಳುವುದರಿಂದ ತಾಳಿ, ಸರ ತೆಗೆಯಬೇಕಾಗುತ್ತದೆ. ಇಲ್ಲಿ ಎಷ್ಟೋ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಬರುವಾಗಲೇ ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬಂದರೆ ಆ ಕಸಿವಿಸಿಯೂ ಇಲ್ಲ, ಎರಡನೇ ಸಲ ತೆಗೆಸುವ ಪ್ರಮೇಯವೂ ಇಲ್ಲ. ಬಸುರಿ ಎಂಬ ಅನುಮಾನವಿದ್ದರೆ ಮೊದಲೇ ಹೇಳಬೇಕು.

ಹಾವು ಕಡಿದಾಗ: ಇಪ್ಪತ್ತು ನಿಮಿಷದ ಪರೀಕ್ಷೆ

ಗದ್ದೆ, ಕಬ್ಬಿನ ನಾಡಾದ ಕಂಪ್ಲಿ, ಹೊಸಪೇಟೆ ಸೀಮೆಯಲ್ಲಿ ತಿಳಿದಿರಲೇಬೇಕಾದ ಪರೀಕ್ಷೆ ಇದು. ಯಂತ್ರ ಬೇಡ, ಕರೆಂಟ್ ಬೇಡ. ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಮ್ಮೆ ಓರೆ ಮಾಡಿ ನೋಡುತ್ತಾರೆ. ಹೆಪ್ಪಾಗಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸಿದೆ, ಪ್ರತಿವಿಷ ಬೇಕು ಎಂದರ್ಥ. ಕೊಳವೆ ಗಾಜಿನದೇ ಆಗಿರಬೇಕು, ಏಕೆಂದರೆ ಗಾಜಿನ ಸ್ಪರ್ಶದಿಂದಲೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ, ಸೋಪಿನ ಅಂಶ ಉಳಿದ ಗಾಜಿನಲ್ಲಿ ಫಲಿತಾಂಶ ಕೆಡುತ್ತದೆ.

ಮೊದಲ ಸಲ ಸರಿಯಿದ್ದರೂ ಮತ್ತೆ ಮತ್ತೆ ಮಾಡುತ್ತಾರೆ, ವಿಷ ತಡವಾಗಿ ಏರಬಹುದು. ‘ಟೆಸ್ಟ್ ಚೆನ್ನಾಗಿದೆ, ಮನೆಗೆ ಹೋಗುತ್ತೇವೆ’ ಎಂದು ಹಟ ಹಿಡಿಯಬಾರದು. ನಾಗರಹಾವು, ಕಟ್ಟುಹಾವಿನ ವಿಷ ಏರುವುದು ನರಗಳಿಗೆ. ಆಗ ಈ ಪರೀಕ್ಷೆ ಸರಿಯಾಗೇ ಬರುತ್ತದೆ. ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಹೊಲಿಗೆ ಮತ್ತು ನಾಯಿ ಕಡಿತ

ಮುಖದ ಹೊಲಿಗೆಯನ್ನು ಸುಮಾರು 5 ದಿನಕ್ಕೆ, ಕೈಕಾಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ನಾಯಿ ಕಡಿದ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಸುಣ್ಣ, ಖಾರದಪುಡಿ ಮೆತ್ತದೆ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಬರಬೇಕು. ಗಾಯ ಆಳವಿದ್ದರೆ ಅದರ ಸುತ್ತಲೇ ರೇಬೀಸ್ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುತ್ತಾರೆ. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ (ಲೆಕ್ಕದಲ್ಲಿ ಅದು ಸೊನ್ನೆಯ ದಿನ), ಆಮೇಲೆ 3, 7 ಮತ್ತು 28ನೇ ದಿನ. ಗಾಯ ಮಾಯ್ದಿದೆಯೆಂದು ಕೊನೆಯದನ್ನು ಬಿಡುವವರಿದ್ದಾರೆ. ಚೀಟಿಯ ಮೇಲೆ ಆ ತಾರೀಖನ್ನು ಬರೆಸಿಕೊಂಡೇ ಹೊರಡಿ.