ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ

1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮದಲ್ಲಿದ್ದಾಗ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ತ್ರಿವರ್ಣ ಧ್ವಜ ಹಾರಿಸಲು ನಿಷೇಧವಿತ್ತು. ಬ್ರಿಟಿಷರು ಹೊರಟರೂ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. ಅಂದೇ ಸ್ಟೇಟ್ ಕಾಂಗ್ರೆಸ್ ನಾಯಕ ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು.

ರಜಾಕಾರರ ಹಾವಳಿಗೆ ಹೆದರಿ ಗಡಿಹಳ್ಳಿಗಳ ಜನ ಊರು ಬಿಟ್ಟರು. ಗಡಿಯಾಚೆ, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರು ಹೋರಾಟಗಾರರ ಶಿಬಿರ ಕಟ್ಟಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಮಣಿದರು. ಸೇನೆಯೇ ನುಗ್ಗಿದ ಈ ಕಾರ್ಯಾಚರಣೆಗೆ ಬಿದ್ದ ಹೆಸರು ಮಾತ್ರ 'ಪೊಲೀಸ್ ಆಕ್ಷನ್'!

ಈ ದಿನವನ್ನು ಏನೆಂದು ಕರೆಯಬೇಕು? ಕೆಲವರಿಗೆ ವಿಮೋಚನಾ ದಿನ, ಕೆಲವರಿಗೆ ವಿಲೀನ ದಿನ. ಜಗಳ ಬರೀ ಪದದ್ದಲ್ಲ. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತರೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಕಲಬುರಗಿ, ಬೀದರ್ ಜಿಲ್ಲೆಗಳು ತೀವ್ರವಾಗಿ ನಲುಗಿದ್ದವು. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು.

2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಸೆಪ್ಟೆಂಬರ್ 17ರ ಸರ್ಕಾರಿ ಆಚರಣೆಗೂ ಹೊಸ ಹೆಸರು ಬಂತು: ಕಲ್ಯಾಣ ಕರ್ನಾಟಕ ಉತ್ಸವ. ವಿಮೋಚನೆಯೂ ಅಲ್ಲ, ವಿಲೀನವೂ ಅಲ್ಲ.