ರಸ್ತೆ ಅಪಘಾತದಿಂದ ಬೀದಿನಾಯಿಗಳ ರಕ್ಷಣೆ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಕ್ಕೆ ಮಾಹಿತಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ತಾಲೂಕುಗಳು. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹುಕ್ಕೇರಿ ತಾಲೂಕಿನ ಸಂಕೇಶ್ವರ, ಹತ್ತರಗಿ ಮೇಲೆ ಹಾಯುತ್ತದೆ. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕ ದಾಟಿ ಯರಗಟ್ಟಿಗೆ ಇನ್ನೊಂದು ರಸ್ತೆ ಇದೆ. ನಿಪ್ಪಾಣಿ–ಮುಧೋಳ ರಸ್ತೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ಮೂಲಕ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಕಬ್ಬು ಬೆಳೆಗಾರರ ಹೋರಾಟದಿಂದ ರಾಜ್ಯಕ್ಕೆಲ್ಲ ಹೆಸರು ಗೊತ್ತಾದದ್ದು ಇದೇ ಕ್ರಾಸ್.

ನಾಯಿಗಳಿಗೆ ಕಷ್ಟದ ಕಾಲವೂ ಕಬ್ಬು ನುರಿಸುವ ಹಂಗಾಮಿನೊಂದಿಗೇ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗರ್ಭ ಧರಿಸಿದ ನಾಯಿಗಳು ಎರಡು ತಿಂಗಳಿಗೆ, ಅಂದರೆ ಚಳಿಗಾಲದಲ್ಲಿ, ಮರಿ ಹಾಕುತ್ತವೆ. ಮರಿಗಳು ಕಣ್ಣು ಬಿಟ್ಟು ಓಡಾಡಲು ಕಲಿಯುವಾಗ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಸಾಲುಗಟ್ಟಿ ನಡೆದಿರುತ್ತವೆ. ಹಗಲಲ್ಲಿ ಕಾದ ಡಾಂಬರು ರಾತ್ರಿ ಬೇಗ ತಣ್ಣಗಾಗುವುದಿಲ್ಲ. ಚಳಿಗೆ ನಾಯಿಗಳು ಅದರ ಮೇಲೆಯೇ ಮಲಗುತ್ತವೆ, ಇಲ್ಲವೇ ನಿಂತ ಲಾರಿಯ ಕೆಳಗೆ ಸೇರಿಕೊಳ್ಳುತ್ತವೆ. ಗಾಡಿ ಚಾಲೂ ಮಾಡುವ ಮುಂಚೆ ಚಕ್ರದ ಹತ್ತಿರ ಒಮ್ಮೆ ಬಗ್ಗಿ ನೋಡುವುದಕ್ಕೆ ಏನೂ ಖರ್ಚಿಲ್ಲ.

ಬೀದಿನಾಯಿಗಳ ಕೊರಳಿಗೆ ಬೆಳಕಿಗೆ ಹೊಳೆಯುವ ಬೆಲ್ಟ್ ಕಟ್ಟುವ ಕೆಲಸ ಇದೇ ಹೆದ್ದಾರಿಯ ಮೇಲಿರುವ ಪುಣೆಯಲ್ಲಿ ಹೆಸರು ಮಾಡಿತು. ಅಲ್ಲಿ ನೌಕರಿಯಲ್ಲಿದ್ದ ಯುವ ಎಂಜಿನಿಯರ್ ಶಂತನು ನಾಯ್ಡು ರಸ್ತೆಯಲ್ಲಿ ನಾಯಿಗಳು ಸಾಯುವುದನ್ನು ನೋಡಿ, ಸ್ನೇಹಿತರನ್ನು ಕೂಡಿಸಿಕೊಂಡು, ಹಳೆಯ ಜೀನ್ಸ್ ಬಟ್ಟೆಗೆ ಹೊಳೆಯುವ ಪಟ್ಟಿ ಹೊಲಿಸಿದರು. ‘ಮೋಟೋಪಾಸ್’ ಎಂಬ ಈ ಕೆಲಸಕ್ಕೆ ರತನ್ ಟಾಟಾ ಬೆಂಬಲ ಕೊಟ್ಟರು. ನಮ್ಮ ಕಡೆ ‘ರೇಡಿಯಂ’ ಎಂದು ಕರೆಯುವ ಪಟ್ಟಿ ಇದೇ. ಒಬ್ಬ ಟೇಲರ್ ಇದ್ದರೆ ಯಾವ ಊರಲ್ಲೂ ಮಾಡಿಸಬಹುದು. ಬೆಲ್ಟ್ ಮತ್ತು ಕೊರಳಿನ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಜಗ್ಗಿದಾಗ ಬಿಚ್ಚಿಕೊಳ್ಳುವಂತಿರಬೇಕು. ಬೆಳೆಯುವ ಮರಿಗಳಿಗೆ ಕಟ್ಟಲೇಬಾರದು. ಕಟ್ಟಿ ಫೋಟೋ ತೆಗೆದು ಮರೆತರೆ ನಾಲ್ಕು ತಿಂಗಳಲ್ಲಿ ಅದೇ ಬೆಲ್ಟ್ ಉರುಲಾಗುತ್ತದೆ.

ಬೆಲ್ಟಿಗಿಂತ ಮುಖ್ಯವಾದದ್ದು ಅನ್ನ ಹಾಕುವ ಜಾಗ. ಇದನ್ನು ಜೈನ ಮನೆಗಳು ವಿಶೇಷವಾಗಿ ಗಮನಿಸಬೇಕು. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಉಳಿದ ರೊಟ್ಟಿ, ಅನ್ನ ಹೊರಗೆ ಬರುವುದು ಸರಿಯಾಗಿ ಮುಸ್ಸಂಜೆಗೆ. ಚಾಲಕರ ಕಣ್ಣಿಗೆ ರಸ್ತೆ ಸರಿಯಾಗಿ ಕಾಣದ ವೇಳೆಯೂ ಅದೇ. ರಸ್ತೆಯ ಅಂಚಿಗೆ ರೊಟ್ಟಿ ಎಸೆದರೆ ಆಚೆ ಬದಿಯ ನಾಯಿ ಓಡಿ ಬರುತ್ತದೆ, ಎರಡು ನಾಯಿ ಜಗಳಾಡಿ ಒಂದು ನಡುರಸ್ತೆಗೆ ಹಾರುತ್ತದೆ. ದಯೆಯಿಂದ ಹಾಕಿದ ತುತ್ತೇ ಅದರ ಸಾವಿಗೆ ಕಾರಣವಾಗುತ್ತದೆ. ಓಣಿಯ ಒಳಗೆ, ಹಿತ್ತಲ ಕಡೆ, ನಾಯಿ ರಸ್ತೆ ದಾಟದೆ ಬರುವ ಜಾಗದಲ್ಲಿ, ದಿನವೂ ಒಂದೇ ವೇಳೆಗೆ, ಇನ್ನೂ ಬೆಳಕಿರುವಾಗ ಹಾಕಬೇಕು. ನೀರಿನ ಬಾನಿಯೂ ಅಲ್ಲಿಯೇ ಇರಲಿ. ಬಸದಿ, ಕಲ್ಯಾಣ ಮಂಟಪಗಳಲ್ಲಿ ಪೂಜೆ, ಮದುವೆ ಆದ ದಿನ ಉಳಿದ ಊಟವನ್ನು ರಸ್ತೆ ಬದಿಗೆ ಸುರಿಯದಂತೆ ಕಮಿಟಿಯವರು ನೋಡಿಕೊಳ್ಳಬೇಕು.

ಕಾನೂನೂ ಇದನ್ನೇ ಕೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಗೋಕಾಕದಲ್ಲಿ ಅದು ನಗರಸಭೆ, ಮೂಡಲಗಿ, ಹುಕ್ಕೇರಿ, ಸಂಕೇಶ್ವರಗಳಲ್ಲಿ ಪುರಸಭೆ. ನಿಗದಿಯಾದ ಜಾಗದಲ್ಲಿ ಮಾತ್ರ ಊಟ ಹಾಕಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಹೆದ್ದಾರಿಗಳಿಂದ ಬೀಡಾಡಿ ಪ್ರಾಣಿಗಳನ್ನು ತೆರವು ಮಾಡಬೇಕೆಂದು ಅದೇ ವರ್ಷ ನವೆಂಬರ್ 7ರಂದು ನಿರ್ದೇಶಿಸಿತು. ಆದ್ದರಿಂದ ಊಟದ ಜಾಗ ಗುರುತಿಸಿ ಕೊಡಲು ಓಣಿಯ ಹತ್ತು ಮನೆಯವರು ಸೇರಿ ಮುಖ್ಯಾಧಿಕಾರಿಗೆ (ಗೋಕಾಕದಲ್ಲಿ ಪೌರಾಯುಕ್ತರಿಗೆ) ಅರ್ಜಿ ಕೊಡುವುದು ಒಳ್ಳೆಯದು. ನಾಯಿ ಕಂಡರೆ ಹೆದರುವ ನೆರೆಯವರ ಮಾತನ್ನೂ ಅರ್ಜಿ ಬರೆಯುವ ಮೊದಲು ಕೇಳಬೇಕು. ಅವರಿಗೂ ಮಕ್ಕಳಿದ್ದಾರೆ.

ಜೀವಂಧರ ಕುಮಾರನ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರ ಹೇಳಿದ, ಅದು ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಕನ್ನಡದಲ್ಲಿ ಭಾಸ್ಕರ ಕವಿ 15ನೇ ಶತಮಾನದಲ್ಲಿ ಇದನ್ನು ‘ಜೀವಂಧರ ಚರಿತೆ’ಯಲ್ಲಿ ಹೇಳಿದ್ದಾನೆ. ಇಂದು ಮಂತ್ರದ ಜೊತೆ ಪಶುವೈದ್ಯರನ್ನೂ ಕರೆಯಬಹುದು.

ಗಾಯಗೊಂಡ ನಾಯಿ ಕಂಡರೆ ಮೊದಲು ಹಿಂದಿನ ವಾಹನಗಳಿಗೆ ಕಾಣುವಂತೆ ಗಾಡಿ ನಿಲ್ಲಿಸಿ ಸಿಗ್ನಲ್ ದೀಪ ಹಾಕಬೇಕು. ಸಾಕಿದ ನಾಯಿಯೂ ನೋವಿಗೆ ಕಚ್ಚುತ್ತದೆ. ಆದ್ದರಿಂದ ಮೂತಿಗೆ ಬಟ್ಟೆ ಸಡಿಲವಾಗಿ ಸುತ್ತಬೇಕು, ಆದರೆ ಉಸಿರಾಟಕ್ಕೆ ತೊಂದರೆ ಇದ್ದರೆ, ವಾಂತಿ ಮಾಡುತ್ತಿದ್ದರೆ ಸುತ್ತಬಾರದು. ಕಾಲು ಹಿಡಿದು ಎತ್ತದೆ, ಗೋಣಿಚೀಲ ಅಥವಾ ಹಲಗೆಯ ಮೇಲೆ ಮೆಲ್ಲಗೆ ಸರಿಸಿ ಒಯ್ಯಬೇಕು. ಅಡತಿ ಅಂಗಡಿಗಳಲ್ಲಿ ಗೋಣಿಚೀಲಕ್ಕೆ ಬರವಿಲ್ಲ, ಗಾಡಿಯಲ್ಲಿ ಒಂದು ಇಟ್ಟುಕೊಂಡರೆ ಸಾಕು. ಬಾಯಿಗೆ ನೀರು ಸುರಿಯಬಾರದು. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯುವುದು, ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡುವುದು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ತಿಳಿಸಬೇಕು. ಎತ್ತುವಾಗ ನಾಯಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.