ವಿದ್ಯುತ್ ಗಿಟಾರಿನ ಪಿಕಪ್ಪು: ನಾದಭೇದದ ಚರಿತ್ರೆ

ಒಂದೇ ಕಾರ್ಖಾನೆಯಲ್ಲಿ, ಒಂದೇ ನಕ್ಷೆಯಂತೆ, ಒಂದೇ ವರ್ಷದಲ್ಲಿ ತಯಾರಾದ ಎರಡು ವಿದ್ಯುತ್ ಗಿಟಾರುಗಳು ಒಂದೇ ಬಗೆಯಾಗಿ ನುಡಿಯುವುದಿಲ್ಲವೆಂಬುದು ವಾದಕರೆಲ್ಲರೂ ಬಲ್ಲ ಸಂಗತಿ. ಕಾರಣವನ್ನು ಕೇಳಿದರೆ ಕೆಲವರು ಮರದ ಕಡೆಗೆ, ಕೆಲವರು ಪಿಕಪ್ಪನ್ನು ರೂಪಿಸಿದವನ ಪ್ರತಿಭೆಯ ಕಡೆಗೆ, ಮತ್ತೆ ಕೆಲವರು ಕೇವಲ ಹಳೆಯತನದ ಕಡೆಗೆ ಬೆರಳು ತೋರಿಸುತ್ತಾರೆ. ಹಳೆಯ ಪಿಕಪ್ಪುಗಳಿಗೆ ಇಂದು ದೊರೆಯುತ್ತಿರುವ ಬೆಲೆ ಈ ಉತ್ತರಗಳನ್ನೇ ನೆಚ್ಚಿಕೊಂಡಿದೆ. ಅದಕ್ಕಿಂತ ಮುಖ್ಯವಾದುದು, ಒಂದು ನಾದದ ಕೀರ್ತಿ ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆ. ಅಮೆರಿಕದ ಗಿಬ್ಸನ್ ಸಂಸ್ಥೆ 1957ರಿಂದ ಸುಮಾರು 1962ರ ವರೆಗೆ ತಯಾರಿಸಿದ ಪಿಕಪ್ಪುಗಳನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪಿಕಪ್ಪೆಂಬುದು ಸರಳವಾದ ಸಾಧನ. ಒಂದು ಅಯಸ್ಕಾಂತ, ಅದಕ್ಕೆ ಸಂಬಂಧಿಸಿದಂತೆ ಕೂದಲೆಳೆಯಷ್ಟು ಸಪುರವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಮೇಲೆ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಏರಿಳಿದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಜಾರ್ಜ್ ಬ್ಯೂಚಾಂಪ್ ಇಂಥ ಸಾಧನವನ್ನುಳ್ಳ ಗಿಟಾರಿಗೆ 1937ರಲ್ಲಿ ಪೇಟೆಂಟ್ ಪಡೆದನು. ಗಿಬ್ಸನ್ ಸಂಸ್ಥೆಯ ಇ.ಎಸ್.-150 ಅದಕ್ಕೆ ಒಂದು ವರ್ಷ ಮೊದಲೇ ಪೇಟೆಗೆ ಬಂದಿತ್ತು. ಆದರೆ ಸುರುಳಿಗೆ ತಂತಿಯ ಕಂಪನವೆಂದೂ ನೆರೆಯ ದೀಪಗಳ ವಿದ್ಯುತ್ತೆಂದೂ ಭೇದವಿಲ್ಲ. ಎರಡನ್ನೂ ಹಿಡಿದು ಒಂದು ಗುಂಯ್‌ಗುಡುವಿಕೆಯನ್ನು ನಾದಕ್ಕೆ ಬೆರೆಸುತ್ತದೆ. ಇದನ್ನು ನಿವಾರಿಸಲು ಗಿಬ್ಸನ್ನಿನ ಸೆತ್ ಲವರ್ ಎರಡು ಸುರುಳಿಗಳನ್ನು ಜೋಡಿಸಿ, ಅವುಗಳ ಸುತ್ತನ್ನೂ ಧ್ರುವವನ್ನೂ ಪರಸ್ಪರ ವಿರುದ್ಧವಾಗಿರಿಸಿದನು. ಹೊರಗಿನ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ. ತಂತಿಯ ನಾದ ಕೂಡಿಕೊಳ್ಳುತ್ತದೆ. 1955ರ ಜೂನ್ 22ರಂದು ಸಲ್ಲಿಸಿದ ಅರ್ಜಿಗೆ 1959ರ ಜುಲೈ 28ರಂದು ಪೇಟೆಂಟ್ ದೊರೆಯಿತು. ಪಿಕಪ್ಪಿನ ಅಡಿಯಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬ ಅರ್ಥದ ಚೀಟಿಯನ್ನು ಅಂಟಿಸುತ್ತಿದ್ದುದರಿಂದ ಆ ಮಾತಿನ ಆದ್ಯಕ್ಷರಗಳೇ ಅದಕ್ಕೆ ಹೆಸರಾಗಿ ಪಿ.ಎ.ಎಫ್. ಎಂದು ರೂಢಿಗೆ ಬಂದಿತು.

ಇಲ್ಲಿ ಗಮನಿಸಬೇಕಾದುದು, ಲವರ್‌ನ ಗುರಿ ಗದ್ದಲದ ನಿವಾರಣೆಯಾಗಿತ್ತೇ ಹೊರತು ಇಂದು ಆ ಪಿಕಪ್ಪಿಗೆ ಆರೋಪಿಸುವ ವಿಶೇಷ ಮಾಧುರ್ಯವಾಗಿರಲಿಲ್ಲ. ಸುರುಳಿಗಳು ಸಮವಾಗಿದ್ದಷ್ಟೂ ಗದ್ದಲ ಅಳಿಯುತ್ತದೆ. ಆದುದರಿಂದ ಸಮತೆಯೇ ಅವನ ತತ್ತ್ವ. ಕಾಲಮಜೂ ನಗರದ ಕಾರ್ಖಾನೆಯಲ್ಲಿ ನಡೆದುದು ಬೇರೆ. ಪ್ರತಿ ಸುರುಳಿಗೆ ಸುಮಾರು 5000 ಸುತ್ತುಗಳೆಂದು ಲೆಕ್ಕವಿದ್ದರೂ ಆ ಲೆಕ್ಕಕ್ಕೆ ತಾನಾಗಿ ನಿಲ್ಲುವ ಯಂತ್ರಗಳು ಅಲ್ಲಿರಲಿಲ್ಲ. ಅಚ್ಚು ತುಂಬಿತೆಂದು ಕಂಡಾಗ ಕೆಲಸದವರು ಯಂತ್ರವನ್ನು ನಿಲ್ಲಿಸುತ್ತಿದ್ದರು. ಒಂದು ಸುರುಳಿಗೆ ನೂರಾರು ಸುತ್ತು ಹೆಚ್ಚು, ಅದರ ಜೊತೆಯದಕ್ಕೆ ಕಡಿಮೆ. ಅಯಸ್ಕಾಂತಗಳ ವಿಷಯವೂ ಹೀಗೆಯೇ: ಆಲ್ನಿಕೊ ಎಂಬ ಮಿಶ್ರಲೋಹದ 2, 3, 4, 5ನೆಯ ದರ್ಜೆಗಳಲ್ಲಿ ಯಾವುದು ದೊರೆತರೆ ಅದನ್ನೇ ಬಳಸಿದರು. ಕಪ್ಪು ಅಚ್ಚುಗಳಿಗೆ ಬೇಕಾದ ಪದಾರ್ಥ ಮುಗಿದಾಗ ಕೆನೆಬಣ್ಣದ ಅಚ್ಚುಗಳು ಬಂದವು. ಇಂದು ಸಂಗ್ರಾಹಕರು ಈ ಕೆನೆಬಣ್ಣಕ್ಕೆ ಹೆಚ್ಚಿನ ಹಣ ತೆರುತ್ತಾರೆ. ಬಣ್ಣವನ್ನು ಕಿವಿ ಕೇಳಲಾರದೆಂದು ಅವರಿಗೆ ಹೇಳಿ ಫಲವಿಲ್ಲ.

ಪರಿಣಾಮವಾಗಿ ಉಳಿದುಬಂದಿರುವ ಪಿ.ಎ.ಎಫ್. ಪಿಕಪ್ಪುಗಳ ರೋಧವನ್ನು ಅಳೆದರೆ ಸಾಮಾನ್ಯವಾಗಿ 7000 ಓಮಿನಿಂದ 9000 ಓಮಿನ ವರೆಗೆ ಕಾಣುತ್ತದೆ. ಆದರೆ ಈ ಅಂಕೆಯನ್ನೇ ನಾದದ ಅಳತೆಯೆಂದು ತಿಳಿಯುವುದು ಸರಿಯಲ್ಲ. ತಂತಿಯ ದಪ್ಪ ತುಸು ಹೆಚ್ಚುಕಡಿಮೆಯಾದರೂ, ಸುತ್ತುವಾಗ ಅದನ್ನು ಎಳೆದ ಬಿಗಿ ಬೇರೆಯಾದರೂ, ಸುತ್ತುಗಳು ಅಷ್ಟೇ ಇದ್ದು ರೋಧ ಬದಲಾಗುತ್ತದೆ. ನಾದವನ್ನು ನಿಜವಾಗಿ ನಿರ್ಣಯಿಸುವುದು ಸುರುಳಿಯ ಸ್ವಪ್ರೇರಣೆ ಮತ್ತು ಅದಕ್ಕೆ ತಗಲಿಕೊಂಡ ಧಾರಕತೆ. ಇವೆರಡೂ ಸೇರಿ ಒಂದು ಕಂಪನಸಂಖ್ಯೆಯಲ್ಲಿ ಅನುರಣಿಸುತ್ತವೆ. ಅದರ ಸಮೀಪದ ಸ್ವರಾಂಶಗಳು ಎದ್ದು ಕೇಳಿಸಿ, ಮೇಲಿನವು ಬೇಗನೆ ಅಳಿಯುತ್ತವೆ. ಈ ಧಾರಕತೆಯ ಬಹುಪಾಲು ಪಿಕಪ್ಪಿನೊಳಗೆ ಇಲ್ಲ. ಗಿಟಾರಿನಿಂದ ವರ್ಧಕಕ್ಕೆ ಹೋಗುವ ಕೇಬಲ್ಲಿನಲ್ಲಿದೆ! ಸಾಧಾರಣ ಕೇಬಲ್ಲಿಗೆ ಜೋಡಿಸಿದಾಗ ಗಿಬ್ಸನ್ನಿನ ಜೋಡಿಸುರುಳಿ ಸೆಕೆಂಡಿಗೆ ಸುಮಾರು 3000 ಕಂಪನಗಳ ಬಳಿಯಲ್ಲಿಯೂ, ಫೆಂಡರ್ ಸಂಸ್ಥೆಯ ಒಂಟಿಸುರುಳಿ 4000ದ ಆಚೀಚೆಯಲ್ಲಿಯೂ ಅನುರಣಿಸುತ್ತದೆ. ಉದ್ದವಾದ ಕೇಬಲ್ಲನ್ನು ಸಿಕ್ಕಿಸಿದರೆ ಎರಡೂ ಕೆಳಗಿಳಿಯುತ್ತವೆ. ಧ್ವನಿಯನ್ನು ತಗ್ಗಿಸುವ ಗುಂಡಿಯ ರೋಧವೂ ಇಲ್ಲಿ ಪಾತ್ರಧಾರಿಯೇ: ಗಿಬ್ಸನ್ನಿನಲ್ಲಿ ಅದು 5 ಲಕ್ಷ ಓಮಿನದು, ಫೆಂಡರಿನಲ್ಲಿ ಎರಡೂವರೆ ಲಕ್ಷದ್ದು, ಅದು ಕಡಿಮೆಯಾದಂತೆ ಅನುರಣನದ ಶಿಖರ ಮೊಂಡಾಗುತ್ತದೆ. ಹೀಗಿರಲು ಪಿಕಪ್ಪೊಂದನ್ನೇ ಗಿಟಾರಿನಿಂದ ಬಿಡಿಸಿ ಅದರ ನಾದವೆಂಥದೆಂದು ಕೇಳುವುದಕ್ಕೆ ಅರ್ಥವೇ ಇಲ್ಲ.

ಇನ್ನು ಸ್ಥಾನದ ಪ್ರಭಾವ. ವೀಣೆಯನ್ನು ಕುದುರೆಯ ಬಳಿ ಮೀಟಿದಾಗ ನಾದ ಹರಿತವಾಗಿಯೂ, ದೂರ ಸರಿದು ಮೀಟಿದಾಗ ಮೃದುವಾಗಿಯೂ ಬರುವುದನ್ನು ನಮ್ಮ ಓದುಗರು ಬಲ್ಲರು. ಮೀಟುವ ಬೆರಳಿಗೆ ಅನ್ವಯಿಸುವ ನಿಯಮ ಕೇಳುವ ಪಿಕಪ್ಪಿಗೂ ಅನ್ವಯಿಸುತ್ತದೆ. ಕುತ್ತಿಗೆಯ ಬಳಿಯ ಪಿಕಪ್ಪು ಎಷ್ಟೋ ಗಿಟಾರುಗಳಲ್ಲಿ ತಂತಿಯ ಉದ್ದದ ಸುಮಾರು ಕಾಲುಭಾಗದಲ್ಲಿದೆ. ಬಿಟ್ಟ ತಂತಿಯ ನಾಲ್ಕನೆಯ ಉಪಸ್ವರ ಅಲ್ಲಿ ನಿಶ್ಚಲವಾದುದರಿಂದ ಪಿಕಪ್ಪು ಅದನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ. ಅದೇ ಪಿಕಪ್ಪನ್ನು ಕುದುರೆಯ ಬಳಿಗೆ ಸರಿಸಿದರೆ ಬೇರೊಂದು ವಾದ್ಯವೆಂಬಂತೆ ನುಡಿಯುತ್ತದೆ. ತಂತಿಯಿಂದ ಪಿಕಪ್ಪಿನ ದೂರವನ್ನು ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟು ಬದಲಿಸಿದರೂ ವ್ಯತ್ಯಾಸ ಕೇಳಬರುತ್ತದೆ.

ಗಿಬ್ಸನ್ ಸಂಸ್ಥೆ ಒಂದೇ ಮೇಜಿನ ಮೇಲೆ ಸುತ್ತಿದ ಈ ಪಿಕಪ್ಪುಗಳನ್ನು ಗಟ್ಟಿಮರದ ಲೆ ಪಾಲ್‌ಗೂ, ಪೊಳ್ಳಾದ ಇ.ಎಸ್.-175ಕ್ಕೂ, 1958ರಲ್ಲಿ ಹೊರಬಂದ ಅರೆಪೊಳ್ಳಿನ ಇ.ಎಸ್.-335ಕ್ಕೂ ಕೂಡಿಸಿತು. ಪೊಳ್ಳಿಗೂ ಗಟ್ಟಿಗೂ ನಡುವೆ ಅಂತರವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಒಡಲು ತಂತಿಯ ಶಕ್ತಿಯನ್ನು ಹೀರುವ ಬಗೆಯೇ ಬೇರೆ. ಆದರೆ ಗಟ್ಟಿ ಒಡಲಿನ ಗಿಟಾರುಗಳಲ್ಲಿ ಒಂದು ಮರಕ್ಕೂ ಇನ್ನೊಂದು ಮರಕ್ಕೂ ಹೇಳುವ ಭೇದವು, ಸುರುಳಿ, ಸ್ಥಾನ, ಕೇಬಲ್ಲುಗಳಿಂದಾಗುವ ಭೇದದ ಮುಂದೆ ಅಲ್ಪವೆಂದೇ ನಮ್ಮ ಅಭಿಪ್ರಾಯ.

ಚರಿತ್ರಕಾರನು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯುಂಟು. ಫೆಂಡರ್ ಸಂಸ್ಥೆ 1965ರ ಜನವರಿಯಲ್ಲಿ ಸಿ.ಬಿ.ಎಸ್. ಕಂಪನಿಯ ಕೈ ಸೇರಿದ ಮೇಲೆ ನಾದ ಕೆಟ್ಟಿತೆಂಬ ಮಾತು ಬಹುವಾಗಿ ಕೇಳಬರುತ್ತದೆ. ಆದರೆ ಸ್ಟ್ರಾಟೊಕ್ಯಾಸ್ಟರಿನ ಪಿಕಪ್ಪಿನ ತಂತಿಗೆ ಹಚ್ಚುತ್ತಿದ್ದ ಲೇಪ ಬದಲಾದುದು 1964ರಲ್ಲಿ, ಹಳೆಯ ಒಡೆತನದ ಕಾಲದಲ್ಲಿಯೇ. ಮಾಲೀಕರ ಹೆಸರು ಚರಿತ್ರೆಯಲ್ಲಿ ಸುಲಭವಾಗಿ ನಿಲ್ಲುತ್ತದೆ; ಕೈಯಿಂದ ತಂತಿಯನ್ನು ನಡೆಸಿದವರದು ನಿಲ್ಲುವುದಿಲ್ಲ. 1956ರಲ್ಲಿ ಫೆಂಡರ್ ಸೇರಿ ದಶಕಗಳ ಕಾಲ ಸುರುಳಿ ಸುತ್ತಿದ ಅಬಿಗೇಲ್ ಇಬಾರಾ ಎಂಬಾಕೆಯ ಹೆಸರು ಮಾತ್ರ ಉಳಿದುಬಂದಿರುವುದು ಅಪವಾದ. ಕಾಲಮಜೂವಿನಲ್ಲಿ ಅಚ್ಚು ತುಂಬಿತೆಂದು ನಿರ್ಧರಿಸಿದವರನ್ನು ವಾದಕರಲ್ಲಿ ಹೆಸರಿಡಿದು ಹೇಳಬಲ್ಲವರು ವಿರಳ. ಆ ಕಣ್ಣಳತೆಯೇ ನಾದದ ಒಂದು ಪಾಲನ್ನು ರೂಪಿಸಿತು.

ಆಕಸ್ಮಿಕವು ಕೀರ್ತಿಗೆ ಕಾರಣವಾದ ಪ್ರಸಿದ್ಧ ಉದಾಹರಣೆ ಪೀಟರ್ ಗ್ರೀನನ 1959ರ ಲೆ ಪಾಲ್. ಅದರ ಕುತ್ತಿಗೆಯ ಪಿಕಪ್ಪಿನ ಅಯಸ್ಕಾಂತದ ಧ್ರುವಗಳು ಅದಲುಬದಲಾಗಿದ್ದವು. ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸಿದಾಗ ಅವು ಪರಸ್ಪರ ವಿರೋಧಿಸಿ, ಮಂದ್ರಾಂಶ ಕಳೆದು, ಮೂಗಿನಿಂದ ಹೊರಟಂತಹ ತೆಳುವಾದ ನಾದ ಬರುತ್ತಿತ್ತು. ಫ್ಲೀಟ್‌ವುಡ್ ಮ್ಯಾಕ್ ತಂಡದ ಆರಂಭಕಾಲದ ಶ್ರೋತೃಗಳು ಮೆಚ್ಚಿದುದು ಈ ನಾದವನ್ನೇ. ಅದೇ ಕಾರ್ಖಾನೆಯ, ಅದೇ ವರ್ಷದ ಸರಿಯಾದ ಗಿಟಾರುಗಳು ಅದನ್ನು ಕೊಡಲಾರವು.

1962ರ ವೇಳೆಗೆ ಹಳೆಯ ಚೀಟಿ ಹೋಗಿ ಪೇಟೆಂಟ್ ಸಂಖ್ಯೆಯ ಚೀಟಿ ಬಂದಿತು. ಅದರಲ್ಲಿ ಮುದ್ರಿತವಾದ 2,737,842 ಲವರ್‌ನ ಪಿಕಪ್ಪಿನದಲ್ಲ; ಲೆ ಪಾಲನು ತಂತಿ ಕಟ್ಟುವ ಪಟ್ಟಿಗೆ ಪಡೆದ ಪೇಟೆಂಟಿನದು. ಈಗ ಗಿಬ್ಸನ್ ಸಂಸ್ಥೆಯೇ ‘ಬರ್ಸ್ಟ್‌ಬಕರ್’ ಎಂಬ ಹೆಸರಿನಲ್ಲಿ ಸುರುಳಿಗಳನ್ನು ಬೇಕೆಂದೇ ಅಸಮವಾಗಿ ಸುತ್ತಿಸಿ, 1, 2, 3 ಎಂದು ಬಲದ ಮೇಲೆ ಮೂರು ದರ್ಜೆ ಮಾಡಿ ಮಾರಾಟಕ್ಕಿಟ್ಟಿದೆ.